ಪೆಟ್ರಿ ದೊಡ್ಡವನೋ, ಹ್ಯಾಲಮ್ ದೊಡ್ಡವನೋ

ನಮ್ಮ ಮನೆಯಲ್ಲಿ ಊಟದ ಹೊತ್ತು ಜಗಳವಿಲ್ಲದೆ ಕಳೆಯಿತೆಂದರೆ ಒಂದೋ ಅಂದು ಏಕಾದಶಿ, ಇಲ್ಲವೇ ಯಾರಿಗೋ ಜ್ವರ. ಜಗಳ ಅಜ್ಜ ಅಜ್ಜಿಯದು. ಅದು ಆಸ್ತಿಯ ಜಗಳವಲ್ಲ, ಸೊಸೆಯನ್ನು ಕುರಿತದ್ದಲ್ಲ, ಪಲ್ಯಕ್ಕೆ ಉಪ್ಪು ಹೆಚ್ಚಾದದ್ದೂ ಅಲ್ಲ. ಧಾರವಾಡದ ಶಾಲೆಯೊಂದರಲ್ಲಿ ಬಾಳೆಲ್ಲ ಪಾಠ ಹೇಳಿ ಮಗನ ಮನೆಗೆಂದು ಲಂಡನ್ನಿಗೆ ಬಂದ ಅಜ್ಜ, ಅವನ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆದು ಬಂದ ಅಜ್ಜಿ, ಇಬ್ಬರೂ ರೇನರ್ಸ್ ಲೇನಿನ ಅಡುಗೆಮನೆಯ ಮೇಜಿನ ಎರಡು ತುದಿಗೆ ಕೂತು, ತಮ್ಮ ಹೆಸರು ಹೇಳಲು ನಾಲಿಗೆ ಹೊರಳದ ಇಬ್ಬರು ಇಂಗ್ಲಿಷರ ಪರವಾಗಿ ವಾದ ಮಾಡುತ್ತಿದ್ದರು. ಆ ಇಬ್ಬರೂ ರವಿವಾರದ ಬೇಸ್‌ಬಾಲ್ ತಂಡಗಳ ಮ್ಯಾನೇಜರುಗಳು. ಒಬ್ಬ ಪೆಟ್ರಿ, ಇನ್ನೊಬ್ಬ ಹ್ಯಾಲಮ್. ಅವರಲ್ಲಿ ದೊಡ್ಡವನು ಯಾರು ಎಂಬುದು ಜಗಳ; ಅಜ್ಜ ಪೆಟ್ರಿಯ ಕಡೆ, ಅಜ್ಜಿ ಹ್ಯಾಲಮನ ಕಡೆ. ನಾನು ಹುಟ್ಟಿದ್ದು ಇಲ್ಲಿ. ಶಾಲೆಯಲ್ಲಿ ಇಂಗ್ಲಿಷ್, ಟೀವಿಯಲ್ಲಿ ಇಂಗ್ಲಿಷ್. ನನಗೆ ಬಂದ ಕನ್ನಡವೆಲ್ಲ ಈ ಜಗಳದಿಂದ ಬಂದದ್ದು. ಮೈಸೂರಿನ ಅಮ್ಮ ಎಷ್ಟು ತಿದ್ದಿದರೂ ನನ್ನ ಬಾಯಲ್ಲಿ ಧಾರವಾಡವೇ ಉಳಿದದ್ದಕ್ಕೆ ಕಾರಣವೂ ಇದೇ.

ಮನೆ ಸಾಲುಮನೆಗಳಲ್ಲೊಂದು. ಮುಂಬಾಗಿಲು ತೆಗೆದರೆ ಇಕ್ಕಟ್ಟಾದ ನಡೆಹಾದಿ, ಒಂದು ಬದಿಗೆ ಮೇಲೆ ಹೋಗುವ ಮೆಟ್ಟಿಲು, ಎದುರು ಬದಿಗೆ ಚಪ್ಪಲಿಯ ಗೂಡು, ಅದರ ಮೇಲೆ ಕೋಟು ತೂಗುವ ನಾಲ್ಕು ಗೂಟ. ಬಾಗಿಲಿನ ನೆತ್ತಿಯಲ್ಲಿ ಕೆಂಪು ಹಸಿರು ಗಾಜು. ಬಿಸಿಲು ಬಿದ್ದ ದಿನ ಕೋಟುಗಳ ಮೇಲೆ ಆ ಬಣ್ಣ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಅಜ್ಜನ ಗೂಟ ಕೊನೆಯದು. ಅಲ್ಲಿ ಅವನ ಕಂದು ಬಣ್ಣದ ಉಣ್ಣೆಯ ಓವರ್‌ಕೋಟು. ಯಾರೋ ಎತ್ತರದ ಮನುಷ್ಯ ತೊಟ್ಟು ಬಿಟ್ಟದ್ದನ್ನು ಚಾರಿಟಿ ಅಂಗಡಿಯಿಂದ ತಂದದ್ದು. ಅದರ ನವಿರು, ಬಟ್ಟೆಯ ಮೇಲೆದ್ದ ಸಣ್ಣ ಕೂದಲು, ಎಷ್ಟು ದಟ್ಟವೆಂದರೆ ಬೆರಳಲ್ಲಿ ಗೀರಿದರೆ ಗೆರೆ ಮೂಡುತ್ತಿತ್ತು. ನಾನು ಅದರ ಬೆನ್ನ ಮೇಲೆ ಅ ಆ ಇ ಈ ಬರೆದು ಕಲಿತಿದ್ದೇನೆ. ಹಿಂದಿನ ಕೋಣೆಯ ಕಿಟಕಿ ತೋಟಕ್ಕೆ, ತೋಟದ ಬೇಲಿಯ ಪುಟ್ಟ ಬಾಗಿಲು ಪಾರ್ಕಿಗೆ. ಸ್ಟೇಷನ್ ಬಳಿಯ ಗುಜರಾತಿ ಅಂಗಡಿಯಿಂದ ತಂದ ಜೋಳದ ಹಿಟ್ಟಿನಲ್ಲಿ ಅಜ್ಜಿ ದಿನವೂ ರೊಟ್ಟಿ ಬಡಿಯುತ್ತಿದ್ದಳು. ಮೂರನೆಯ ರೊಟ್ಟಿ ಬೆಂಕಿಯ ಮೇಲೆ ಉಬ್ಬುವಷ್ಟರಲ್ಲಿ ಸ್ಮೋಕ್ ಅಲಾರ್ಮ್ ಕೂಗುತ್ತಿತ್ತು. ಅಮ್ಮ ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದಳು. ಆ ಗದ್ದಲದ ನಡುವೆಯೇ ಅಜ್ಜ, ಪೆಟ್ರಿ ಹಿಂದಿನ ವಾರ ಏನು ಮಾಡಿದ ಎಂದು ಶುರು ಮಾಡುತ್ತಿದ್ದ.

ಅವರು ಬಂದ ಮೊದಲ ಬೇಸಿಗೆಯಲ್ಲಿ ಅಜ್ಜ ಹಿಂದಿನ ಕಿಟಕಿಯಿಂದ ಆ ಆಟ ನೋಡಿದ. ಚಿಣಿದಾಂಡೂ ಅಲ್ಲ, ಕ್ರಿಕೆಟ್ಟೂ ಅಲ್ಲ. ಅಡುಗೆಮನೆಯ ಎರಡು ಕುರ್ಚಿ ಹೊರಿಸಿಕೊಂಡು ಹೋಗಿ ಬೇಲಿಯಾಚೆ ಹಾಕಿಸಿದ. ಒಂದು ತನಗೆ, ಒಂದು ಅಜ್ಜಿಗೆ. ಅಜ್ಜಿಗೆ ಇಷ್ಟವೋ ಇಲ್ಲವೋ ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೆಂತೆಪಲ್ಯದ ಕಟ್ಟು ಮಡಿಲಲ್ಲಿಟ್ಟುಕೊಂಡು ಎಲೆ ಬಿಡಿಸಿ ಸೋಸುತ್ತ ಕೂತಳು. ನನ್ನನ್ನು ದುಭಾಷಿಯಾಗಿ ಇಟ್ಟುಕೊಂಡು ಅಜ್ಜ ಆಟಗಾರರನ್ನು ಕಾಡಿ ಕಾಡಿ ಒಂದು ತಿಂಗಳಲ್ಲಿ ನಿಯಮವೆಲ್ಲ ಕಲಿತ. ಅವನು ಅದನ್ನು ಹೇಳಿಕೊಟ್ಟ ಬಗೆ ಸುಲಭ. ಒಂದು ಮನೆ, ಹೊರಗೆ ಮೂರು ಠಾಣೆ. ಮನೆಯಲ್ಲಿ ನಿಂತು ಚೆಂಡು ಹೊಡೆದು ಓಡಬೇಕು, ಒಂದೊಂದೇ ಠಾಣೆ ದಾಟಬೇಕು, ಮತ್ತೆ ಅದೇ ಮನೆಗೆ ಬಂದು ಮುಟ್ಟಿದರೆ ಒಂದು ರನ್. ನಡುವೆ ಸಿಕ್ಕಿಬಿದ್ದರೆ ಔಟ್. ಮೂರನೆಯ ಠಾಣೆಯವರೆಗೆ ಬಂದು ಅಲ್ಲಿಯೇ ಉಳಿದವನಿಗೆ ಏನೂ ಇಲ್ಲ, ಬಂದದ್ದು ಲೆಕ್ಕಕ್ಕಿಲ್ಲ.

ಓಡುವವನಿಗೆ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವವನು ಮ್ಯಾನೇಜರ್. ಕೂಗಿ ಹೇಳಿದರೆ ಎದುರಾಳಿಗೆ ಗೊತ್ತಾಗುತ್ತದೆ, ಅದಕ್ಕೆ ಕೈಸನ್ನೆ. ಕುಳ್ಳಗಿನ ಕೆಂಪು ಮೋರೆಯ ಪೆಟ್ರಿ ವಾರದ ದಿನ ಬಸ್ಸು ಓಡಿಸುವವನು. ರವಿವಾರ ಅವನ ಕೈ ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. ಕಿವಿ, ಮೂಗು, ಬೆಲ್ಟು, ಎದೆ, ಮೊಣಕಾಲು ಮುಟ್ಟಿದ್ದೇ ಮುಟ್ಟಿದ್ದು. ಅದರಲ್ಲಿ ಬಹುಪಾಲು ಬರಿ ಸುಳ್ಳು. ಟೋಪಿಯ ಅಂಚು ಮುಟ್ಟಿದ ಮೇಲೆ ಬರುವುದು ಮಾತ್ರ ನಿಜ. ಅಜ್ಜ ಅದಕ್ಕೆ ಕೀಲಿ ಎಂದು ಹೆಸರಿಟ್ಟ. ಕೀಲಿಯ ನಂತರ ಎದೆಯ ಮೇಲೆ ಅಂಗೈ ಇಟ್ಟರೆ ನಿಲ್ಲು. ಮೊಣಕಾಲನ್ನು ಎರಡು ಸಲ ತಟ್ಟಿದರೆ ಮನೆಗೆ ಓಡು. ಇನ್ನೊಂದು ಸನ್ನೆಯಿತ್ತು, ಅಜ್ಜನಿಗೆ ಬಹಳ ಮೆಚ್ಚಿನದು. ಒಂದು ಕೈಯಿಂದ ಇನ್ನೊಂದು ತೋಳನ್ನು ಭುಜದಿಂದ ಮುಂಗೈವರೆಗೆ ಸವರಿಬಿಟ್ಟರೆ ಅದುವರೆಗೆ ಹೇಳಿದ್ದೆಲ್ಲ ರದ್ದು, ಹೊಸದಾಗಿ ಹೇಳುತ್ತೇನೆ ನೋಡು ಎಂದರ್ಥ. ಪಾಟಿ ಒರಸಿದಾ ನೋಡು, ಪಾಟಿ ಒರಸಿದಾ ಎಂದು ಅಜ್ಜ ಕುರ್ಚಿಯ ತುದಿಗೆ ಬರುತ್ತಿದ್ದ.

ಹ್ಯಾಲಮ್ ಬೇರೆಯೇ ಜೀವ. ಎತ್ತರ, ಸಪೂರ, ಪಿಯಾನೋ ಶ್ರುತಿ ಮಾಡುವ ಕೆಲಸ. ಅವನ ಕೈಗಳು ಕೋಟಿನ ಜೇಬು ಬಿಟ್ಟು ಹೊರಬಂದದ್ದನ್ನು ಮೂರು ಬೇಸಿಗೆಯಲ್ಲಿ ನಾನೊಮ್ಮೆಯೂ ಕಾಣಲಿಲ್ಲ. ಕತ್ತು ತಿರುಗಿಸುತ್ತಿರಲಿಲ್ಲ, ಹುಬ್ಬು ಎತ್ತುತ್ತಿರಲಿಲ್ಲ. ಆದರೂ ಅವನ ಹುಡುಗರು ಒಟ್ಟಿಗೆ ಕದಲುತ್ತಿದ್ದರು, ಗಾಳಿ ಬಂದಾಗ ಹುಲ್ಲು ಕದಲಿದ ಹಾಗೆ. ಗಾಳಿ ಮಾತ್ರ ಕಾಣುತ್ತಿರಲಿಲ್ಲ. ಅಜ್ಜ ಒಂದು ಬೇಸಿಗೆಯನ್ನೇ ಅವನ ಗುಟ್ಟು ಹಿಡಿಯಲು ಕಳೆದ. ರೆಪ್ಪೆ ಬಡಿಯುವುದನ್ನು ಎಣಿಸಿದ, ಅವನು ಯಾವ ಕಾಲಿನ ಮೇಲೆ ಭಾರ ಹಾಕುತ್ತಾನೆ ಎಂದು ವಹಿಯಲ್ಲಿ ಬರೆದ. ಏನೂ ಸಿಗಲಿಲ್ಲ. ಸಿಗದ್ದರಿಂದ ಅಜ್ಜನಿಗೆ ಅವನ ಮೇಲೆ ಸಿಟ್ಟು. ಅಜ್ಜಿ ಮಾತ್ರ ಒಂದು ದಿನವೂ ಆಶ್ಚರ್ಯಪಡಲಿಲ್ಲ. ಗೆಲ್ಲುತ್ತಿದ್ದುದು ಹೆಚ್ಚಾಗಿ ಹ್ಯಾಲಮ್; ಆದರೆ ಗೆಲುವಿನ ಲೆಕ್ಕ ಊಟದ ಮೇಜಿನಲ್ಲಿ ನಡೆಯುತ್ತಿರಲಿಲ್ಲ. ಯಾರು ಎಷ್ಟು ಗೆದ್ದರೆಂದು ಕಾಗೆಯೂ ಎಣಿಸೀತು, ದೊಡ್ಡಸ್ತನ ಬೇರೆ ಎಂಬುದರಲ್ಲಿ ಇಬ್ಬರಿಗೂ ಒಮ್ಮತ.

"ಮ್ಯಾನೇಜರ್ ಅಂದ್ರ ಮಾಸ್ತರ ಇದ್ಹಂಗ. ಹುಡುಗ ಎಡವೋದರಾಗ ಇದ್ದಾಗ ಹೇಳಬೇಕು. ನಿನ್ನ ಹ್ಯಾಲಮ್ ಏನ ಹೇಳತಾನ? ಗೂಟ ನಿಂತಂಗ ನಿಂತಿರತಾನ."

"ಹೇಳೋದೆಲ್ಲಾ ಶನಿವಾರನ ಹೇಳಿ ಮುಗಿಸಿರತಾನ. ಆಟದ ದಿನಾ ಕೈ ಬೀಸಾಂವ ಏನ ದೊಡ್ಡಾಂವ?"

"ಶನಿವಾರ ಹೇಳಿದ್ದು ರವಿವಾರ ಸುಳ್ಳಾದ್ರ?"

"ಸುಳ್ಳಾಗದಂಗ ಹೇಳಿರತಾನ. ರೊಟ್ಟಿ ಹಾಕಲೇನ್ರಿ ಇನ್ನೊಂದು?"

ಅಷ್ಟು ಹೇಳಿ ಅಜ್ಜಿ ರೊಟ್ಟಿ ಹಾಕಿಯೇ ಬಿಡುತ್ತಿದ್ದಳು. ಅಜ್ಜನಿಗೆ ಬೇಕೆಂದು ಅಜ್ಜನಿಗಿಂತ ಮೊದಲು ಅವಳಿಗೆ ಗೊತ್ತಿರುತ್ತಿತ್ತು. ಇದೆಲ್ಲ ಬರಿ ಆಟದ ಮಾತಲ್ಲವೆಂದು ಆಗ ನನಗೆ ತಿಳಿಯಲಿಲ್ಲ. ಅಮ್ಮನಿಗೆ ತಿಳಿದಿತ್ತೋ ಏನೋ, ತುಟಿ ಬಿಗಿಹಿಡಿದು ನಗು ತಡೆಯುತ್ತಿದ್ದಳು. ಅಜ್ಜ ಸನ್ನೆಗಳನ್ನು ಮನೆಯೊಳಗೂ ತಂದ. ಟೋಪಿ ಇಲ್ಲದ್ದಕ್ಕೆ ಹಣೆಯಲ್ಲಿ ಗಂಧ ಇಡುವ ಜಾಗ ಅವನ ಕೀಲಿ. ಅಜ್ಜಿ ಬೆನ್ನು ತಿರುಗಿಸಿದಾಗ ಹಣೆ ಮುಟ್ಟಿ ಕಿವಿ ಹಿಡಿದರೆ ಡಬ್ಬಿಯಿಂದ ಬೆಲ್ಲದ ಚೂರು ಎತ್ತು ಎಂದು. ಅಷ್ಟರಲ್ಲಿ ಅವಳು ತಿರುಗಿದರೆ ತೋಳು ಸವರಿಬಿಡುತ್ತಿದ್ದ, ನನ್ನ ಕೈ ಡಬ್ಬಿಯ ಹತ್ತಿರವೇ ಗಾಳಿಯಲ್ಲಿ ನಿಂತಿರುತ್ತಿತ್ತು. ಅಜ್ಜಿ ನೋಡಿಯೂ ನೋಡದ ಹಾಗೆ ಡಬ್ಬಿಯನ್ನು ಇನ್ನಷ್ಟು ಈಚೆ ಸರಿಸುತ್ತಿದ್ದಳು.

ಮೂರನೆಯ ಬೇಸಿಗೆಯ ಕೊನೆಗೆ ಇಬ್ಬರ ತಂಡಗಳ ನಡುವೆಯೇ ಪಂದ್ಯ. ಪೆಟ್ರಿಗೆ ಒಂದು ರನ್ ಬೇಕು. ಅವನ ಕೆಂಗೂದಲಿನ ಆಟಗಾರನೊಬ್ಬ ಮೂರನೆಯ ಠಾಣೆಯಲ್ಲಿ. ಪೆಟ್ರಿ ಟೋಪಿ ಮುಟ್ಟಿದ, ಎದೆಯ ಮೇಲೆ ಅಂಗೈ ಇಟ್ಟ. ನಿಲ್ಲು. ಕೆಂಗೂದಲಿನವ ಸರಿ ಎಂದು ಮುಖ ತಿರುಗಿಸಿ ಚೆಂಡು ಎಸೆಯುವವನ ಕಡೆ ನೋಡಿದ. ಆಗಲೇ ಪೆಟ್ರಿಗೆ ಬೇರೆ ತೋಚಿತು. ತೋಳು ಸವರಿದ, ಟೋಪಿ ಮುಟ್ಟಿದ, ಮೊಣಕಾಲು ತಟ್ಟಿದ, ಇನ್ನೊಮ್ಮೆ ತಟ್ಟಿದ. ನೋಡುವವನೇ ಇಲ್ಲ. ಆ ಆಟಗಾರ ಓಡಲಿಲ್ಲ, ಮುಂದಿನವನು ಔಟಾದ, ಪಂದ್ಯ ಹೋಯಿತು. ಪೆಟ್ರಿ ಬೈಯುತ್ತಾನೆಂದು ನಾನು ಕಾದೆ. ಅವನು ಹೋಗಿ ಆ ಆಟಗಾರನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದನ್ನು ಅಜ್ಜನಿಗೆ ಕನ್ನಡದಲ್ಲಿ ಹೇಳಿದೆ: ಸನ್ನೆ ನನ್ನದು, ನಿನಗೆ ಮುಟ್ಟಲಿಲ್ಲ ಅಂದರೆ ತಪ್ಪೂ ನನ್ನದೇ. ಅಜ್ಜನ ಕಣ್ಣು ತುಂಬಿಬಂತು. ದೊಡ್ಡಾಂವ ಅಂದ್ರ ಇಂವ ನೋಡು ಎಂದ. ಹ್ಯಾಲಮನ ಹುಡುಗ ಆಗಿದ್ದರೆ ನೋಡುವ ಪ್ರಸಂಗವೇ ಬರುತ್ತಿರಲಿಲ್ಲ ಎಂದಳು ಅಜ್ಜಿ, ಮೆಂತೆಯ ಬೇರು ಕಿತ್ತು ಹಾಕುತ್ತ. ಬೇಲಿಯ ಬಾಗಿಲು ದಾಟುವಾಗ ಅಜ್ಜ ನನ್ನ ಕೈ ಹಿಡಿದು ನಿಲ್ಲಿಸಿದ.

"ಸನ್ನಿ ಮುಗಿಯೋತನಕಾ ಕಣ್ಣ ತಗೀಬಾರದು, ಗಂಗೀ. ಅರ್ಧಾ ನೋಡಿದಾಂವ ನೋಡದೇ ಇದ್ದಾಂವಗಿಂತ ಕೆಟ್ಟ."

ಅಕ್ಟೋಬರಿನ ಒಂದು ಮುಂಜಾನೆ ಬಚ್ಚಲಲ್ಲಿ ಅಜ್ಜ ಬಿದ್ದ. ಆಸ್ಪತ್ರೆಯಿಂದ ಮರಳಿ ಬಂದಾಗ ಬಲಗೈ ಬಲಗಾಲು ಸತ್ತಿದ್ದವು, ಮಾತು ಹೋಗಿತ್ತು. ಹೌದೇ ಅಲ್ಲವೇ ಎಂದು ಕೇಳಿದರೆ ಎರಡಕ್ಕೂ ಒಂದೇ ರೀತಿ ತಲೆ ಹಾಕುತ್ತಿದ್ದ. ಮೆದುಳಿನ ಆ ಭಾಗಕ್ಕೆ ಪೆಟ್ಟಾದರೆ ಹೀಗೇ ಎಂದು ಡಾಕ್ಟರಾದ ಅಪ್ಪ ನಮಗೆ ತಿಳಿಸಿ ಹೇಳಿ, ಆಮೇಲೆ ತಾನೇ ಅದನ್ನು ನಂಬಲಾರದೆ ಮತ್ತೆ ಮತ್ತೆ ಅವನನ್ನು ಹೌದೇ ಅಲ್ಲವೇ ಎಂದು ಕೇಳುತ್ತಿದ್ದ. ಹಿಂದಿನ ಕೋಣೆಗೆ ಮಂಚ ಬಂತು, ಕಿಟಕಿಗೆ ಎದುರಾಗಿ ಕುರ್ಚಿ ಬಂತು. ಮೂರನೆಯ ದಿನ ನಾನು ಶಾಲೆಯಿಂದ ಬಂದಾಗ ಅಜ್ಜ ಎಡಗೈ ಎತ್ತಿ ಹಣೆ ಮುಟ್ಟಿದ, ಕಿವಿ ಹಿಡಿದ. ನಾನು ಓಡಿಹೋಗಿ ಬೆಲ್ಲ ತಂದೆ. ಮಾತು ಹೋದರೂ ಪೆಟ್ರಿ ಉಳಿದಿದ್ದ. ಅಂದಿನಿಂದ ಮನೆಯವರೆಲ್ಲ ಅಜ್ಜನಿಗೆ ಏನು ಬೇಕೆಂದು ನನ್ನನ್ನು ಕೇಳತೊಡಗಿದರು. ಹತ್ತು ವರ್ಷದ ನಾನು ಆ ಮನೆಯಲ್ಲಿ ದೊಡ್ಡ ಮನುಷ್ಯಳಾದೆ. ಆ ಹೆಮ್ಮೆಯನ್ನು ಈಗಲೂ ಸುಳ್ಳೆನ್ನಲಾರೆ. ಅಜ್ಜಿ ಮಾತ್ರ ನನ್ನನ್ನು ಕೇಳಲಿಲ್ಲ. ಆ ಪೆಟ್ರಿಯ ಭಾಷೆ ತನಗೆ ಬಾರದು ಎಂದಳು. ಅವನು ಕೈ ಎತ್ತುವ ಮೊದಲೇ ನೀರು ತಂದಿಡುತ್ತಿದ್ದಳು, ದಿಂಬು ತಿರುವಿ ಹಾಕುತ್ತಿದ್ದಳು.

ನವೆಂಬರಿನಲ್ಲಿ ಧಾರವಾಡದಿಂದ ಅಜ್ಜನ ಅಣ್ಣ ಫೋನ್ ಮಾಡಿದರು. ತಮ್ಮನನ್ನು ಊರಿಗೆ ಕಳಿಸಿ, ಇದ್ದರೂ ಹೋದರೂ ಇಲ್ಲಿಯೇ ಆಗಲಿ ಎಂದರು. ವಿಮಾನ ಹತ್ತಿಸುವುದಾದರೆ ಇನ್ನೆರಡು ವಾರದೊಳಗೆ, ಆಮೇಲೆ ಆಗದು ಎಂದು ಅಪ್ಪನ ಜೊತೆಯ ಡಾಕ್ಟರು ಹೇಳಿದ್ದರು. ಮೈಯಲ್ಲಿ ಶಕ್ತಿಯಿದ್ದಾಗ ಅಜ್ಜ ಯಾವತ್ತೂ ಕೊನೆಗೆ ಊರಿಗೆ ಹೋಗುವ ಮಾತನ್ನೇ ಆಡುತ್ತಿದ್ದ. ಆದರೆ ಈಗ ಏನು ಮನಸ್ಸಿದೆಯೋ, ಅವರ ಬಾಯಿಂದಲೇ ಬರಲಿ ಎಂದ ಅಪ್ಪ. ಬಾಯಿ ಇರಲಿಲ್ಲ, ನಾನಿದ್ದೆ. ಒಂದು ರವಿವಾರ ಮಧ್ಯಾಹ್ನ ಅಪ್ಪ ಅಜ್ಜನ ಎದುರು ನೆಲದ ಮೇಲೆ ಕೂತ. ಅಮ್ಮ ಬಾಗಿಲ ಬಳಿ. ಅಡುಗೆಮನೆಯಿಂದ ಅಜ್ಜಿ ರೊಟ್ಟಿ ಬಡಿಯುವ ಸಪ್ಪಳ. ಕಿಟಕಿಯಾಚೆ ಪಾರ್ಕಿನಲ್ಲಿ ಯಾರೂ ಇಲ್ಲ, ಮಂಜು ಬೇಲಿಯವರೆಗೆ ಬಂದು ನಿಂತಿತ್ತು.

"ಅಪ್ಪಾ, ಧಾರವಾಡಕ್ಕ ಹೋಗೋಣೇನು? ಇಲ್ಲೇ ಇರತೀರೇನು? ನೀವು ಹೇಳಿದಂಗ."

ಅಜ್ಜ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದ. ಎಡಗೈ ಎದ್ದು ಹಣೆ ಮುಟ್ಟಿತು. ಆಮೇಲೆ ಎದೆಯ ಮೇಲೆ ಅಂಗೈ. ನಿಲ್ಲು. ಅಜ್ಜ ಹೋಗುವುದಿಲ್ಲ, ಅಜ್ಜ ನನ್ನವನು. ಹೇಳಲೆಂದು ಬಾಯಿ ತೆರೆದೆ. ಆ ಕೈ ಮತ್ತೆ ಎದ್ದಿತು. ಬಲಭುಜದ ಮೇಲೆ ಕೂತಿತು, ಸತ್ತ ತೋಳಿನ ಮೇಲೆ ನಿಧಾನವಾಗಿ, ಬಹಳ ನಿಧಾನವಾಗಿ ಮುಂಗೈವರೆಗೆ ಇಳಿಯಿತು. ಪಾಟಿ ಒರಸಿತು. ಮುಂದಿನ ಸನ್ನೆಗೆ ಹಣೆಯ ಕಡೆ ಏರಬೇಕಾದ ಕೈ ಅರ್ಧಕ್ಕೆ ಬಂದು ನಡುಗಿ ಹೊದಿಕೆಯ ಮೇಲೆ ಬಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ನಾನು ಅದನ್ನು ಕೇಳಿದೆ, ಆದರೆ ಕೇಳಿದ್ದು ನೆನಪಾದದ್ದು ಎಷ್ಟೋ ದಿನದ ಮೇಲೆ.

"ಇಲ್ಲೇ ಇರತೀನಿ ಅಂದ್ರು," ಎಂದೆ.

"ಆಮ್ಯಾಲ ಏನೋ ಮಾಡಿದ್ರಲ್ಲ, ಗಂಗೀ?"

"ಅದು ಏನಲ್ಲ ಅಪ್ಪಾ. ಹೊದಿಕಿ ಸರಿ ಮಾಡಿಕೊಂಡ್ರು."

ಸಪ್ಪಳ ಮತ್ತೆ ಶುರುವಾಯಿತು. ಅಪ್ಪ ಅಜ್ಜನ ಮೊಣಕಾಲಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಕೂತು, ಎದ್ದು ಹೋಗಿ ಧಾರವಾಡಕ್ಕೆ ಫೋನ್ ಮಾಡಿದ.

ಮರುದಿನದಿಂದ ಅಜ್ಜ ನನ್ನನ್ನು ಕಂಡಾಗಲೆಲ್ಲ ಅದೊಂದೇ ಸನ್ನೆ ಮಾಡಿದ. ಹಣೆಯಿಲ್ಲ, ಕಿವಿಯಿಲ್ಲ, ಬೆಲ್ಲ ಬೇಕಿಲ್ಲ. ಶಾಲೆಯಿಂದ ಪಾರ್ಕಿನ ದಾರಿಯಲ್ಲಿ ಬಂದರೆ ಕಿಟಕಿಯ ಗಾಜಿನ ಹಿಂದೆ ಅವನ ಮುಖ ಬೆಳ್ಳಗೆ ಕಾಣುತ್ತಿತ್ತು, ಅದರ ಕೆಳಗೆ ಕೈ ಭುಜದಿಂದ ಇಳಿಯುತ್ತಿತ್ತು. ಊಟ ತಂದುಕೊಟ್ಟರೆ ತೋಳು ಸವರುತ್ತಿದ್ದ. ಹೋಂವರ್ಕ್ ಮಾಡುತ್ತ ಬೆನ್ನು ತಿರುಗಿಸಿ ಕೂತರೆ ಹಿಂದಿನಿಂದ ಅಂಗಿಯ ಬಟ್ಟೆಯ ಮೇಲೆ ಅಂಗೈ ಜಾರುವ ಸಪ್ಪಳ, ಯಾರೋ ಮರದ ಹಲಗೆಗೆ ಕಾಗದ ಉಜ್ಜುವ ಹಾಗೆ. ಅದರ ಮುಂದೆ ಬರಬೇಕಾದ ಸನ್ನೆ ಒಂದು ದಿನವೂ ಬರಲಿಲ್ಲ. ಶಕ್ತಿ ಸಾಲದೆ ಇರಬಹುದು. ನಾನು ಕಾದು ನೋಡದೆ ಇದ್ದುದೂ ಇರಬಹುದು. ನಾನು ಮುಂಬಾಗಿಲಿನಿಂದ ಬರತೊಡಗಿದೆ. ಚಪ್ಪಲಿ ನೋಡುತ್ತ ನಡೆದೆ. ಕಣ್ಣು ತೆಗೆಯಬಾರದು ಎಂದು ಹೇಳಿಕೊಟ್ಟವನಿಂದಲೇ ಕಣ್ಣು ತೆಗೆದೆ. ಅಜ್ಜ ಏನು ಹೇಳುತ್ತಾನೆ ಎಂದು ಅಪ್ಪ ಕೇಳಿದಾಗ, ತೋಳು ನೋಯುತ್ತದಂತೆ ಎಂದೆ. ಅಮ್ಮ ಎಣ್ಣೆ ಕಾಯಿಸಿ ಆ ತೋಳಿಗೆ ಹಚ್ಚಿದಳು. ಅಜ್ಜ ಕಣ್ಣು ಮುಚ್ಚಿಕೊಂಡ.

ಸಂಕ್ರಾಂತಿಗೆಂದು ಅಮ್ಮ ಎಳ್ಳು ಹುರಿದು ತಟ್ಟೆಯಲ್ಲಿ ಹರಡಿದ್ದ ಬೆಳಿಗ್ಗೆ ಅಜ್ಜ ಹೋದ. ತಟ್ಟೆಗೆ ಬಟ್ಟೆ ಮುಚ್ಚಿ ಮೇಲಿಟ್ಟರು. ಹತ್ತನೆಯ ದಿನ ಪುರೋಹಿತರು ಬಂದು ತೋಟದಲ್ಲಿ ಪಿಂಡ ಇಡಿಸಿದರು. ಹೋದವರಿಗೆ ಆಸೆ ಉಳಿದಿಲ್ಲದಿದ್ದರೆ ಕಾಗೆ ಬಂದು ಮುಟ್ಟುತ್ತದೆ. ಉಳಿದಿದ್ದರೆ ಮುಟ್ಟುವುದಿಲ್ಲ, ಆಗ ಮನೆಯವರು ಆ ಆಸೆ ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು. ಪಾರ್ಕಿನಿಂದ ಕಾಗೆಗಳು ಬಂದವು. ಬೇಲಿಯ ಉದ್ದಕ್ಕೂ ಸಾಲಾಗಿ ಕೂತವು. ಒಂದೂ ಕೂಗಲಿಲ್ಲ, ಒಂದೂ ಇಳಿಯಲಿಲ್ಲ. ಅವ್ವನನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ, ಗಂಗಿಯನ್ನು ಓದಿಸುತ್ತೇವೆ, ಶ್ರಾದ್ಧ ತಪ್ಪಿಸುವುದಿಲ್ಲ ಎಂದು ಅಪ್ಪ ಒಂದೊಂದಾಗಿ ಹೇಳಿದ. ಚಳಿಯಲ್ಲಿ ಅವನ ಮಾತು ಹೊಗೆಯಾಗಿ ಹೋಗುತ್ತಿತ್ತು. ಕಾಗೆಗಳು ಅಪ್ಪನನ್ನು ನೋಡುತ್ತಿರಲಿಲ್ಲ. ನಾನು ತಲೆ ಎತ್ತಿದಾಗ ಅಜ್ಜಿ ನನ್ನನ್ನು ನೋಡುತ್ತಿದ್ದಳು. ಕೊನೆಗೆ ಪುರೋಹಿತರು ದರ್ಭೆಯ ಕಾಗೆ ಮಾಡಿ ಅದರಿಂದ ಪಿಂಡ ಮುಟ್ಟಿಸಿ, ಇದಕ್ಕೂ ಶಾಸ್ತ್ರದಲ್ಲಿ ಅವಕಾಶವಿದೆ ಎಂದರು. ಥೇಮ್ಸ್‌ನಲ್ಲಿಯೇ ಬಿಡಬೇಕೆಂದಿದ್ದ ಅಸ್ಥಿಯನ್ನು ಅಪ್ಪ ಅಂದು ಬಿಡಲಿಲ್ಲ. ಮನಸ್ಸು ಒಪ್ಪುತ್ತಿಲ್ಲ ಎಂದು ಕಪಾಟಿನ ಮೇಲೆ ಇಟ್ಟ.

ಕೋಟಿನ ಮೇಲಿನ ಗೆರೆಯನ್ನು ನಾನು ನೋಡಿದ್ದು ಆ ವಾರ. ಶಾಲೆಗೆ ಹೊರಟು ಬೂಟು ಹಾಕಿಕೊಳ್ಳುತ್ತಿದ್ದೆ. ಅಜ್ಜನ ಓವರ್‌ಕೋಟಿನ ಬಲತೋಳಿನ ಮೇಲೆ ಭುಜದಿಂದ ತುದಿಯವರೆಗೆ ಅಂಗೈ ಅಗಲದ ಒಂದು ದಾರಿ. ಅಷ್ಟಗಲ ನವಿರು ಕೆಳಮುಖವಾಗಿ ನುಣ್ಣಗೆ ಮಲಗಿತ್ತು. ಉಳಿದಲ್ಲೆಲ್ಲ ಎದ್ದು ನಿಂತಿತ್ತು. ಯಾರದೋ ಮೈ ತಗುಲಿರಬೇಕು ಎಂದುಕೊಂಡು ನವಿರನ್ನು ಮೇಲ್ಮುಖವಾಗಿ ಕೆದರಿಬಿಟ್ಟೆ. ಮರುದಿನ ಬೆಳಿಗ್ಗೆ ಮತ್ತೆ ಅದೇ ದಾರಿ. ಪೆಟ್ರಿ ಸವರಿಕೊಳ್ಳುತ್ತಿದ್ದುದು ಎಡತೋಳು. ಬಲತೋಳು ಸವರಿದವನು ಒಬ್ಬನೇ. ನಾನು ದಿನವೂ ಕೆದರಿದೆ, ದಿನವೂ ಅದು ಮಲಗಿತು. ಒಂದು ದಿನ ಎರಡು ಕೋಟುಗಳ ಹಿಂದೆ ಅದನ್ನು ಅಡಗಿಸಿ ತೂಗುಹಾಕಿದೆ. ಬೆಳಿಗ್ಗೆ ನೋಡಿದರೆ ಮುಂದಿನ ಕೋಟುಗಳು ಇದ್ದ ಹಾಗೇ ಇದ್ದವು, ಒಳಗೆ ಕೈ ಹಾಕಿ ತಡವಿದರೆ ತೋಳು ನುಣ್ಣಗಿತ್ತು. ಅಜ್ಜಿಯ ಕೆಲಸವಿರಬೇಕು, ಪಾಪ, ಅವಳಿಗೆ ಅಜ್ಜನ ನೆನಪು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡೇ ಮೂರು ತಿಂಗಳು ಆ ನಡೆಹಾದಿಯನ್ನು ದಾಟಿದೆ.

ಏಪ್ರಿಲಿನಲ್ಲಿ ಆಟ ಶುರುವಾಯಿತು. ಅಜ್ಜಿ ಬರಲಿಲ್ಲ, ನಾನು ಒಬ್ಬಳೇ ಹೋಗಿ ಬೇಲಿಗೆ ಒರಗಿ ನಿಂತೆ. ಕುರ್ಚಿ ಇರುತ್ತಿದ್ದ ಜಾಗದಲ್ಲಿ ಹುಲ್ಲು ನಾಲ್ಕು ಕಡೆ ತಗ್ಗಾಗಿತ್ತು. ಹ್ಯಾಲಮ್ ಮೈದಾನದಾಚೆ ಎಂದಿನಂತೆ ನಿಂತಿದ್ದ. ಪೆಟ್ರಿ ಈ ಕಡೆ ತಿರುಗಿದಾಗ ಖಾಲಿ ಜಾಗ ನೋಡಿ, ಅರ್ಥವಾಗಿ, ಟೋಪಿ ತೆಗೆದು ತಲೆ ಬಾಗಿಸಿದ. ಟೋಪಿ ಹಾಕಿಕೊಂಡು ಮತ್ತೆ ತನ್ನ ಹುಡುಗರ ಕಡೆ ತಿರುಗಬೇಕು, ಅಷ್ಟರಲ್ಲಿ ನನ್ನನ್ನು ನೋಡುತ್ತಲೇ ತೋಳು ಸವರಿದ. ಎಡಗೈಯಿಂದ, ಬಲತೋಳು. ಧೂಳು ಕೊಡವಿಕೊಂಡಿರಬಹುದು. ಅವನಿಗೆ ತಾನು ಮಾಡಿದ್ದು ಗೊತ್ತಿದ್ದಂತೆಯೂ ಕಾಣಲಿಲ್ಲ. ಅದೇ ಹೊತ್ತಿಗೆ, ಮೈದಾನದಾಚೆ, ಮೂರು ಬೇಸಿಗೆಯಲ್ಲಿ ಒಮ್ಮೆಯೂ ಕದಲದ ಹ್ಯಾಲಮ್ ಕತ್ತು ತಿರುಗಿಸಿ ನಮ್ಮ ಮನೆಯ ಹಿಂದಿನ ಕಿಟಕಿಯನ್ನು ನೋಡಿದ. ನಾನು ಕಿಟಕಿಯ ಕಡೆ ನೋಡಲಿಲ್ಲ. ಓಡಿದೆ.

ಅಜ್ಜಿ ನಡೆಹಾದಿಯಲ್ಲಿ ಮೆಟ್ಟಿಲ ಕೆಳಗಿನ ಹಂತದ ಮೇಲೆ, ಕೋಟುಗಳಿಗೆ ಎದುರಾಗಿ ಕೂತು ಮೆಂತೆ ಸೋಸುತ್ತಿದ್ದಳು. ಬಾಗಿಲ ಗಾಜಿನ ಕೆಂಪು ಅಜ್ಜನ ಕೋಟಿನ ಭುಜಕ್ಕೆ ಬಂದು ನಿಂತಿತ್ತು. ಅವಳ ಪಕ್ಕದಲ್ಲಿ ಕೂತೆ. 

"ಅಜ್ಜೀ, ದಿನಾ ಅಜ್ಜನ ಕೋಟು ಯಾಕ ಒರಸ್ತೀ?"

ಅಜ್ಜಿಯ ಬೆರಳು ಕಡ್ಡಿಯ ಮೇಲೆ ನಿಂತಿತು.

"ನಾ ಎಲ್ಲಿ ಒರಸ್ತೀನಿ? ನೀ ಒರಸ್ತೀ ಅಂತ ತಿಳಕೊಂಡಿದ್ದೆ ನಾ."

ಹಿಂದೆ ಎಲ್ಲೋ ಟ್ಯೂಬ್ ರೈಲು ಹೋಯಿತು, ಗಾಜು ಸಣ್ಣಗೆ ನಡುಗಿತು. ಇಬ್ಬರೂ ಕೋಟನ್ನು ನೋಡಿದೆವು. ಆ ನುಣುಪಾದ ದಾರಿಯ ಮೇಲೆ ಕೆಂಪು ಬೆಳಕು ಭುಜದಿಂದ ಕೆಳಗಿಳಿಯುತ್ತಿತ್ತು. ನಾನು ಹೇಳಿಬಿಟ್ಟೆ. ಎದೆಯ ಮೇಲಿನ ಅಂಗೈ, ಆಮೇಲೆ ತೋಳು, ಹೊದಿಕೆಯ ಸುಳ್ಳು, ಆಮೇಲಿನ ದಿನಗಳೆಲ್ಲ. ಅಳುತ್ತ ಹೇಳಿದೆನೆಂದು ನೆನಪು. ಅಜ್ಜಿ ನನ್ನನ್ನು ತಬ್ಬಲಿಲ್ಲ, ಬೈಯಲಿಲ್ಲ. ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ ಮಾಡಿ ಮುಗಿಸಿದಳು.

"ಗೊತ್ತದ ನನಗ. ರೊಟ್ಟಿ ಬಡಿಯೋದು ಬಿಟ್ಟು ನಾನೂ ನೋಡೀನಿ."

"ಮತ್ತ ಅಪ್ಪಗ ಯಾಕ ಹೇಳಲಿಲ್ಲ?"

"ಅಲ್ಲಿಗೆ ಹೋದ್ರ ನಾ ಮತ್ತ ಸಣ್ಣ ಸೊಸಿ. ಬಾಯಾಗ ಹಲ್ಲಿಲ್ಲದ ಸಣ್ಣ ಸೊಸಿ. ಐವತ್ತು ವರ್ಷ ಅವರ ಅಣ್ಣನ ಮನಿಯಾಗ ಇನ್ನೊಬ್ಬರನ್ನ ಕೇಳಿ ಒಲಿ ಹಚ್ಚೀನಿ. ಇಲ್ಲಿ ಒಲಿ ನಂದದ." ಅವಳು ಸೆರಗಿನಿಂದ ನನ್ನ ಮೂಗು ಒರೆಸಿದಳು. "ನೀ ಕೂಸು. ನಿನಗ ಅಜ್ಜ ಬೇಕಾಗಿದ್ದ. ನೀ ಹೇಳದಿದ್ರ ನಾ ಹೇಳಬೇಕಾಗಿತ್ತು. ತಪ್ಪು ನಂದು, ಗಂಗೀ."

ಆ ಮಾತು ನಾನು ಮೈದಾನದಲ್ಲಿ ಪೆಟ್ರಿಯ ಬಾಯಲ್ಲಿ ಕೇಳಿದ್ದೆ. ಅಜ್ಜಿಗೆ ಅದು ನೆನಪಿತ್ತೋ ಇಲ್ಲವೋ ಕೇಳುವ ಧೈರ್ಯ ಬರಲಿಲ್ಲ. ಅವಳು ಮೊಣಕಾಲು ಹಿಡಿದು ಎದ್ದಳು, ಕೋಟಿನ ಎದುರು ನಿಂತಳು. ಪೆಟ್ರಿಯ ಭಾಷೆ ಬಾರದು ಎನ್ನುತ್ತಿದ್ದವಳು, ಯಾರೂ ಹೇಳಿಕೊಡದೆ, ಬರಿದಾದ ತನ್ನ ಹಣೆಯನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಮೊಣಕಾಲು ತಟ್ಟಿದಳು, ಒಮ್ಮೆ, ಇನ್ನೊಮ್ಮೆ.

"ಹೋಗ್ರಿ," ಎಂದಳು. "ಹಾದಿ ನಿಮಗ ಗೊತ್ತದ. ನಾ ಬರಂಗಿಲ್ಲ, ಇಲ್ಲೇ ಇರತೀನಿ."

ಕೋಟು ಕದಲಲಿಲ್ಲ, ಬಾಗಿಲು ತೆರೆಯಲಿಲ್ಲ. ಹಾಗೇನಾದರೂ ಆಗಿತ್ತೆಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಆಗಲಿಲ್ಲ. ಅಜ್ಜಿ ಕೈಯಾರೆ ಆ ತೋಳಿನ ನವಿರನ್ನು ಕೆದರಿ ಮೇಲೆಬ್ಬಿಸಿ, ಮೆಂತೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಅಂದು ಸಂಜೆ ಅಪ್ಪನಿಗೆ ಎಲ್ಲ ಹೇಳಿದವಳೂ ಅವಳೇ. ನನ್ನ ಪಾಲನ್ನು ತನ್ನ ಪಾಲಿನೊಳಗೆ ಸೇರಿಸಿ ಹೇಳಿದಳು. ಅಪ್ಪ ಬಹಳ ದಿನ ನಮ್ಮಿಬ್ಬರ ಜೊತೆಗೂ ಮಾತು ಕಡಿಮೆ ಮಾಡಿದ. ಬೇಸಿಗೆಯ ರಜೆಯಲ್ಲಿ ಅಸ್ಥಿ ತೆಗೆದುಕೊಂಡು ಊರಿಗೆ ಹೋಗಿ ಮಲಪ್ರಭೆಯಲ್ಲಿ ಬಿಟ್ಟು ಬಂದ. ಅಜ್ಜಿ ಹೋಗಲಿಲ್ಲ. ಅಜ್ಜಿ ಹೋಗ್ರಿ ಎಂದ ಮರುದಿನದಿಂದಲೇ ಕೋಟಿನ ತೋಳು ಕೆದರಿದ ಹಾಗೇ ಇರತೊಡಗಿತ್ತು. ನಾನು ನೋಡುತ್ತಲೇ ಇದ್ದೆ, ಕಣ್ಣು ತೆಗೆಯದೆ.

ಅಜ್ಜಿ ತನ್ನ ಒಲೆಯ ಪಕ್ಕದಲ್ಲೇ ಇನ್ನೂ ಹನ್ನೊಂದು ವರ್ಷ ಬಾಳಿದಳು. ಅವಳ ಹತ್ತನೆಯ ದಿನ ಕಾಗೆ ಪುರೋಹಿತರು ಕೈ ತೊಳೆಯುವ ಮೊದಲೇ ಬಂದು ತಿಂದು ಹೋಯಿತು. ಈಗ ಆ ಮನೆಯಲ್ಲಿ ನಾನಿದ್ದೇನೆ. ಕೋಟು ಅದೇ ಗೂಟದಲ್ಲಿದೆ, ತೆಗೆಯಲು ಮನಸ್ಸಾಗಿಲ್ಲ. ಪಾರ್ಕಿನಲ್ಲಿ ಈಗಲೂ ಆಡುತ್ತಾರೆ, ಸನ್ನೆ ಮಾಡುವವರು ಯಾರೋ ಹೊಸಬರು. ಮಗಳು ಒಮ್ಮೊಮ್ಮೆ ಈ ಕಥೆ ಹೇಳಿಸಿಕೊಂಡು, ಕೊನೆಗೆ ಇಂಗ್ಲಿಷಿನಲ್ಲಿ ಕೇಳುತ್ತಾಳೆ: ಹಾಗಾದರೆ ಅವರಲ್ಲಿ ದೊಡ್ಡವನು ಯಾರು? ಹ್ಯಾಲಮ್ ಎನ್ನುತ್ತೇನೆ. ಒಬ್ಬರ ಮನಸ್ಸಿನಲ್ಲಿರುವುದು ಸನ್ನೆಯಿಲ್ಲದೆ ಇನ್ನೊಬ್ಬರಿಗೆ ಮುಟ್ಟುವುದಾದರೆ ಅದಕ್ಕಿಂತ ದೊಡ್ಡದಿಲ್ಲ ಎನ್ನುತ್ತೇನೆ. ಮಗಳು ನನ್ನ ಮಾತು ಕೇಳುತ್ತಿರುವುದಿಲ್ಲ, ನನ್ನ ಕೈ ನೋಡುತ್ತಿರುತ್ತಾಳೆ. ಬಗ್ಗಿ ನೋಡಿಕೊಂಡರೆ ನನ್ನ ಎಡಗೈ ಬಲಭುಜದಿಂದ ಹೊರಟು ಮುಂಗೈಗೆ ಬಂದು ತಲುಪಿರುತ್ತದೆ. ಅದನ್ನು ಎತ್ತಿದ ನೆನಪು ನನಗಿರುವುದಿಲ್ಲ.